ಕೆಂಡದಲ್ಲಿ ಸುಟ್ಟ ನಿಂಬೆಹಣ್ಣಿನ ಶರಬತ್ತು

ಬೇಸಿಗೆಯಲ್ಲಿ ಮೂರು ದಿನ ಟೆಂಟ್ ಹಾಕಿಕೊಂಡು ಇರಲು ಹೊರಟಿದ್ದೀರಿ. ಫ್ರಿಜ್ ಇಲ್ಲ, ಐಸ್ ಇಲ್ಲ, ಬಾಯಾರಿಕೆ ನೀಗುವಂಥದ್ದು ಏನು ಮಾಡಬಹುದು ಅಂತ ಕೇಳಿದ್ದೀರಿ. ಮನೆಗೆ ಬಂದ ಮೇಲೂ ಅದೇ ರುಚಿ ಮಾಡಿಕೊಳ್ಳುವ ಹಾಗಿರಬೇಕು ಅಂದಿದ್ದೀರಿ. ನಾನು ಹೇಳೋದು ಒಂದೇ: ಸುಟ್ಟ ನಿಂಬೆಹಣ್ಣಿನ ಶರಬತ್ತು.

ಇದು ನನಗೆ ಸಿಕ್ಕಿದ್ದೂ ಅಂಥದ್ದೇ ಒಂದು ಬೇಸಿಗೆಯಲ್ಲಿ. ಬೆಳಗ್ಗೆಯಿಂದ ಬಿಸಿಲಲ್ಲಿ ನಡೆದು ಸಂಜೆ ಟೆಂಟ್ ಹತ್ತಿರ ಬಂದಾಗ ಬಾಯಿ ಪೂರ್ತಿ ಒಣಗಿತ್ತು. ಹೊಳೆಯ ನೀರನ್ನು ಕುದಿಸಿ ಆರಿಸಿಟ್ಟಿದ್ದೆವು. ಎಷ್ಟು ಕುಡಿದರೂ ಸಮಾಧಾನ ಇಲ್ಲ, ಬರೀ ಸಪ್ಪೆ. ಪಕ್ಕದಲ್ಲಿ ಗೆಳತಿ ನಿಂಬೆಹಣ್ಣು ಹೆಚ್ಚುತ್ತಿದ್ದಳು. ಒಂದು ಹೋಳು ಕೈಜಾರಿ ಕೆಂಡದ ಮೇಲಿನ ಜಾಲರಿಗೆ ಬಿತ್ತು, ಹೆಚ್ಚಿದ ಮುಖ ಕೆಳಗಾಗಿ. ಚುರ್ ಅಂತು. ಚಿಮಟ ಹುಡುಕಿ ತೆಗೆಯುವಷ್ಟರಲ್ಲಿ ಅದರ ಮೇಲೆ ಕಂದು ಬಣ್ಣದ ಗೆರೆಗಳು ಮೂಡಿದ್ದವು. ಎಸೆಯೋದು ಯಾಕೆ ಅಂತ ಲೋಟಕ್ಕೆ ಹಿಂಡಿದಳು. ರಸ ಸಲೀಸಾಗಿ ಸುರಿಯಿತು. ಹುಳಿಯ ಚುರುಕು ಇಳಿದು, ಸ್ವಲ್ಪ ಹೊಗೆಯ ಘಮ ಬಂದಿತ್ತು. ಆ ಒಂದು ಲೋಟವನ್ನೇ ನಾಲ್ಕು ಜನ ಹಂಚಿಕೊಂಡು ಕುಡಿದೆವು. ಆಮೇಲೆ ಉಳಿದ ಹಣ್ಣುಗಳೂ ಕೆಂಡದ ಮೇಲೆ ಹೋದವು.

ಒಂದು ಲೀಟರ್ ನೀರಿಗೆ ನಾಲ್ಕು ನಿಂಬೆಹಣ್ಣು ಸಾಕು. ಅಡ್ಡಲಾಗಿ ಹೆಚ್ಚಿ, ಹೆಚ್ಚಿದ ಮುಖವನ್ನು ಸಕ್ಕರೆಯಲ್ಲಿ ಅದ್ದಿ. ಜ್ವಾಲೆ ಪೂರ್ತಿ ಇಳಿದು ಕೆಂಡ ಮಾತ್ರ ಉಳಿದಾಗ ಜಾಲರಿಯ ಮೇಲೆ ಬೋರಲು ಇಡಿ. ಎರಡು ಮೂರು ನಿಮಿಷ ಮುಟ್ಟಬೇಡಿ. ಸಕ್ಕರೆ ಕರಗಿ ಕಂದಾದರೆ ಸಾಕು, ಕಪ್ಪಾದರೆ ಕಹಿ ಬರುತ್ತದೆ. ಸ್ವಲ್ಪ ಆರಿದ ಮೇಲೆ ಹಿಂಡಿ, ಆದರೆ ಸಿಪ್ಪೆಯನ್ನು ತಿರುಚಿ ತಿರುಚಿ ಹಿಂಡಬೇಡಿ, ಆ ಕಹಿಯೂ ಇಳಿಯುತ್ತದೆ. ಮೂರು ದೊಡ್ಡ ಚಮಚ ಸಕ್ಕರೆ ಅಥವಾ ಜೇನುತುಪ್ಪ, ಕಾಲು ಚಿಕ್ಕ ಚಮಚ ಉಪ್ಪು ಹಾಕಿ ಕದಡಿ. ಒಂದು ವರ್ಷದೊಳಗಿನ ಮಗು ಜೊತೆಗಿದ್ದರೆ ಅದಕ್ಕೆ ಮಾತ್ರ ಜೇನು ಬೇಡವೇ ಬೇಡ.

ಉಪ್ಪನ್ನು ದಯವಿಟ್ಟು ಬಿಡಬೇಡಿ. ಬೆವರಿನಲ್ಲಿ ಹೋಗೋದು ಬರೀ ನೀರಲ್ಲ, ಉಪ್ಪೂ ಹೋಗುತ್ತದೆ. ಸಣ್ಣ ಕರುಳು ಉಪ್ಪಿನ ಸೋಡಿಯಂ ಮತ್ತು ಸಕ್ಕರೆಯ ಗ್ಲುಕೋಸ್ ಎರಡನ್ನೂ ಒಟ್ಟಿಗೆ ಹೀರಿಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಭೇದಿಯಾದಾಗ ನೀರಲ್ಲಿ ಕದಡಿ ಕೊಡುವ ಉಪ್ಪು-ಸಕ್ಕರೆಯ ಪುಡಿ, ಓಆರ್‌ಎಸ್, ಕೆಲಸ ಮಾಡೋದೂ ಹೀಗೇ. ಹಾಗಂತ ಇದು ಓಆರ್‌ಎಸ್ ಅಲ್ಲ. ಬಿಸಿಲಿಗೆ ಯಾರಿಗಾದರೂ ಮಾತು ತೊದಲಿದರೆ, ಗೊಂದಲವಾದರೆ, ಶರಬತ್ತು ಕಲಸುತ್ತ ಕೂರಬೇಡಿ. ನೆರಳಿಗೆ ಕರೆದೊಯ್ದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ, ತಕ್ಷಣ ಸಹಾಯಕ್ಕೆ ಕರೆಯಿರಿ.

ಪುದೀನ ಸಿಕ್ಕರೆ ಕುಟ್ಟಬೇಡಿ. ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ಒಮ್ಮೆ ಚಪ್ಪಾಳೆ ಹೊಡೆದ ಹಾಗೆ ತಟ್ಟಿ ಹಾಕಿ, ಅಷ್ಟಕ್ಕೇ ಘಮ ಬಿಡುತ್ತದೆ. ಪೆಪ್ಪರ್‌ಮಿಂಟ್ ಜಾತಿಯದಾದರೆ ಇನ್ನೂ ಒಳ್ಳೆಯದು, ಅದರಲ್ಲಿ ಮೆಂಥಾಲ್ ಜಾಸ್ತಿ. ಬಾಯಲ್ಲಿ ತಂಪನ್ನು ಗುರುತಿಸುವ ನರಗಳನ್ನೇ ಮೆಂಥಾಲ್ ಎಬ್ಬಿಸುತ್ತದೆ. ನೀರು ತಣ್ಣಗಾಗದಿದ್ದರೂ ತಣ್ಣಗಾದಂತೆ ಅನಿಸೋದು ಅದಕ್ಕೇ. 2021ರಲ್ಲಿ ವೈದ್ಯಕೀಯ ನೊಬೆಲ್ ಹಂಚಿಕೊಂಡ ಡೇವಿಡ್ ಜೂಲಿಯಸ್ ಅವರ ಕೆಲಸದಲ್ಲಿ ಈ ಸಂಗತಿಯೂ ಇತ್ತು. ಐಸ್ ಇಲ್ಲದ ಜಾಗದಲ್ಲಿ ಇದು ಎಷ್ಟು ದೊಡ್ಡ ಉಪಕಾರ ಅಲ್ವಾ!

ನಿಜವಾಗಿಯೂ ತಂಪು ಮಾಡಬೇಕಾದರೆ ಬಾಟಲಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಗಾಳಿ ಆಡುವ ನೆರಳಲ್ಲಿ ನೇತುಹಾಕಿ. ನೀರು ಆವಿಯಾಗುತ್ತಾ ಬಾಟಲಿಯ ಶಾಖವನ್ನು ಎಳೆದುಕೊಳ್ಳುತ್ತದೆ. ಸೆಕೆಯ ಜಾಗದಲ್ಲಿ ಬಟ್ಟೆ ಬೇಗ ಒಣಗೋದಿಲ್ಲ, ಹಾಗಾಗಿ ಇದು ಅಷ್ಟು ನಡೆಯೋದಿಲ್ಲ. ಆಗ ಮುಚ್ಚಳ ಬಿಗಿ ಮಾಡಿ, ಕೊರಳಿಗೆ ಹಗ್ಗ ಕಟ್ಟಿ, ಹರಿಯುವ ನೀರಲ್ಲಿ ಇಳಿಬಿಡಿ.

ಹೊಳೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ, ಯಾಕಂದರೆ ಅಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಆರಿದ ಮೇಲೆ ಎರಡು ಶುಚಿಯಾದ ಪಾತ್ರೆಗಳ ನಡುವೆ ನಾಲ್ಕು ಸಲ ಎತ್ತಿ ಸುರಿದರೆ ಗಾಳಿ ಬೆರೆತು ಆ ಸಪ್ಪೆತನ ಹೋಗುತ್ತದೆ. ನಮಗೆ ಅವತ್ತು ಇದು ಗೊತ್ತಿರಲಿಲ್ಲ.

ಮನೆಯಲ್ಲಾದರೆ ಕಬ್ಬಿಣದ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆ ಹಾಕದೆ ಹಣ್ಣು ಬೋರಲು ಹಾಕಿ. ಹೊಗೆಯ ಘಮ ಅಷ್ಟು ಬರೋದಿಲ್ಲ, ಆದರೆ ಸುಟ್ಟ ಸಕ್ಕರೆಯ ರುಚಿ ಹಾಗೇ ಸಿಗುತ್ತದೆ. ನಾನು ಈಗಲೂ ಕಣ್ಣು ಮುಚ್ಚಿ ಮೊದಲ ಗುಟುಕು ಕುಡಿಯುತ್ತೇನೆ.

ಹಿಂಡಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆದು ಬಿಸಿಲಿಗೆ ಹೋಗಿ. ನಿಂಬೆರಸ ಅಂಟಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳಬಹುದು, ಕಲೆ ವಾರಗಟ್ಟಲೆ ಉಳಿಯುತ್ತದೆ. ಸಿಪ್ಪೆಗಳನ್ನು ಅಲ್ಲೇ ಬಿಸಾಡಬೇಡಿ, ಅವು ಬೇಗ ಕೊಳೆಯೋದಿಲ್ಲ, ವಾಸನೆಗೆ ಪ್ರಾಣಿಗಳೂ ಬರುತ್ತವೆ. ಮುಚ್ಚಳ ಬಿಗಿಯಾಗಿರುವ ಒಂದು ಡಬ್ಬಿ ಒಯ್ಯಿರಿ. ಹೋಗುವಾಗ ಅದರಲ್ಲಿ ಸಕ್ಕರೆ, ಬರುವಾಗ ಸಿಪ್ಪೆ.