ಲೇಟೆಕ್‌ನಲ್ಲಿ ಶಾಸನ, ಉತ್ಖನನ ವರದಿಗಳನ್ನು ಉಲ್ಲೇಖಿಸುವುದು ಹೇಗೆ? ನನ್ನ ಅನುಭವದ ಉತ್ತರ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಚಿತ್ರದುರ್ಗ, ದಾವಣಗೆರೆ ಸುತ್ತಿನ ಪ್ರಾಚೀನ ನೆಲೆಗಳ ಬಗ್ಗೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೀರಿ. ಅದಕ್ಕಾಗಿ ಲೇಟೆಕ್ (LaTeX, ಕಮಾಂಡ್ ಬರೆದು ಪ್ರಬಂಧ, ಪುಸ್ತಕ ಜೋಡಿಸುವ ಸಾಫ್ಟ್‌ವೇರ್) ಕಲಿತಿದ್ದೀರಿ. ಮಾಮೂಲಿ ಪುಸ್ತಕ, ಲೇಖನ ಎಲ್ಲ ಸರಿಯಾಗಿ ಬರುತ್ತಿವೆ, ಆದರೆ ಶಾಸನ ಅಥವಾ ಉತ್ಖನನ ವರದಿ ಬಂದ ಕೂಡಲೇ ಗ್ರಂಥಸೂಚಿ ಕೆಟ್ಟುಹೋಗುತ್ತಿದೆ, ವಾಪಸ್ ವರ್ಡ್‌ಗೆ ಹೋಗಿಬಿಡಲಾ ಅಂತ ಕೇಳಿದ್ದೀರಿ.

ಹೋಗಬೇಡಿ. ನಾನು ಚಿತ್ರದುರ್ಗದಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ನನ್ನ ಪ್ರಬಂಧವನ್ನೂ ಲೇಟೆಕ್‌ನಲ್ಲೇ ಮುಗಿಸಿದೆ. ನೀವು ಈಗ ನಿಂತಿರುವ ಜಾಗದಲ್ಲೇ ನಾನೂ ಮೂರು ತಿಂಗಳು ನಿಂತಿದ್ದೆ. ಲೇಟೆಕ್‌ಗೆ ಪುಸ್ತಕ ಅಂದರೆ ಗೊತ್ತು, ಲೇಖನ ಅಂದರೆ ಗೊತ್ತು. ನಮ್ಮ ಆಕರ ಮಾತ್ರ ಊರ ಹೊರಗಿನ ಕಲ್ಲು, ಅಗೆದ ಗುಂಡಿ, ಸರ್ಕಾರಿ ವಾರ್ಷಿಕ ವರದಿ. ಇವನ್ನು ಯಾವ ರೂಪದಲ್ಲಿ ಹೇಳಬೇಕು ಅಂತ ಮೊದಲು ನಾವು ತೀರ್ಮಾನ ಮಾಡಬೇಕು. ಅದು ತೀರ್ಮಾನವಾದ ಮೇಲೆ ಸಾಫ್ಟ್‌ವೇರ್ ಕೆಲಸ ಎರಡು ದಿನದ್ದು.

ಗ್ರಂಥಸೂಚಿಗೆ ನೀವು ಹಳೆಯ ಬಿಬ್‌ಟೆಕ್ (BibTeX) ಬಳಸುತ್ತಿದ್ದರೆ ಇವತ್ತೇ ಬಿಟ್ಟು ಬಿಬ್‌ಲೇಟೆಕ್ (biblatex) ಪ್ಯಾಕೇಜಿಗೆ ಬನ್ನಿ, ಜೊತೆಗೆ ನಮೂದುಗಳನ್ನು ಓದಿ ಜೋಡಿಸಿಕೊಡುವ ಬೈಬರ್ (Biber). ಮುಂದೆ ಹೇಳುವುದೆಲ್ಲ ಅದನ್ನೇ ನಂಬಿಕೊಂಡಿದೆ.

ಶಾಸನದಿಂದ ಶುರು ಮಾಡುತ್ತೇನೆ, ಯಾಕಂದ್ರೆ ನಮ್ಮ ಕಡೆ ಕೆಲಸ ಮಾಡುವವರಿಗೆ ಎಪಿಗ್ರಾಫಿಯ ಕರ್ನಾಟಿಕ (ಶಾಸನಗಳ ಸಂಪುಟ ಮಾಲೆ, ಚಿಕ್ಕದಾಗಿ ಎ.ಕ.) ಇದರ 11ನೇ ಸಂಪುಟ ಇಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ಚಿತ್ರದುರ್ಗ ಜಿಲ್ಲೆಯ ಸಂಪುಟ, 1903ರದು. ಇದನ್ನು ನೀವು ಪುಸ್ತಕ ಅಂತ ನಮೂದಿಸಿ, ಲೇಖಕ ರೈಸ್, ವರ್ಷ 1903 ಅಂತ ಕೊಟ್ಟಿದ್ದೀರಿ. ಹಾಗಾಗಿ ಪಠ್ಯದೊಳಗೆ 'ರೈಸ್ 1903, ಪು. 21' ಅಂತ ಬರುತ್ತಿದೆ. ಓದುವವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಆ ಸಂಪುಟದಲ್ಲಿ ಪೀಠಿಕೆ, ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಪಾಠ ಎಲ್ಲ ಬೇರೆ ಬೇರೆ ಭಾಗಗಳು, ಪುಟ ಸಂಖ್ಯೆಯೂ ಬೇರೆ ಬೇರೆ. ಶಾಸನವನ್ನು ತಾಲ್ಲೂಕು ಮತ್ತು ನಂಬರ್‌ನಿಂದಲೇ ಹೇಳಬೇಕು: 'ಎ.ಕ. 11, ಮೊಳಕಾಲ್ಮೂರು 21' ಅನ್ನುವ ಹಾಗೆ. ಇದು ನೂರು ವರ್ಷದಿಂದ ನಡೆದುಬಂದ ಪದ್ಧತಿ, ಶಾಸನ ಓದುವ ಯಾರಿಗಾದರೂ ಕೂಡಲೇ ಅರ್ಥವಾಗುತ್ತದೆ.

ಬಿಬ್‌ಲೇಟೆಕ್‌ನಲ್ಲಿ ಇದಕ್ಕೆ ಶಾರ್ಟ್‌ಹ್ಯಾಂಡ್ (shorthand) ಅನ್ನುವ ಫೀಲ್ಡ್, ಅಂದರೆ ನಮೂದಿನೊಳಗಿನ ಒಂದು ಖಾನೆ, ಇದೆ. ಆ ಸಂಪುಟದ ನಮೂದಿನಲ್ಲಿ ಶಾರ್ಟ್‌ಹ್ಯಾಂಡ್ ಎದುರು 'ಎ.ಕ. 11' ಅಂತ ಬರೆಯಿರಿ. ಲೇಖಕ-ವರ್ಷ ಶೈಲಿಯಲ್ಲಿ 'ರೈಸ್ 1903' ಬರುವ ಜಾಗದಲ್ಲೆಲ್ಲ ತಾನಾಗಿ 'ಎ.ಕ. 11' ಬರುತ್ತದೆ. ಪ್ರಬಂಧದ ಮುಂಭಾಗದಲ್ಲಿ ಸಂಕ್ಷೇಪಗಳ ಪಟ್ಟಿ ಬೇಕಲ್ವಾ? ಪ್ರಿಂಟ್‌ಬಿಬ್‌ಲಿಸ್ಟ್ (printbiblist) ಕಮಾಂಡಿಗೆ ಶಾರ್ಟ್‌ಹ್ಯಾಂಡ್ ಅಂತ ಕೊಟ್ಟರೆ ಆ ಪಟ್ಟಿಯೂ ತಾನೇ ತಯಾರಾಗುತ್ತದೆ. ನಾನು ಮೊದಲು ಆ ಪಟ್ಟಿಯನ್ನು ಕೈಯಲ್ಲಿ ಟೈಪ್ ಮಾಡಿ, ಪ್ರತಿ ಅಧ್ಯಾಯ ತಿದ್ದಿದಾಗಲೂ ಅದನ್ನು ಮತ್ತೆ ತಿದ್ದಿ ತಿದ್ದಿ ಸುಸ್ತಾಗಿದ್ದೆ.

ಇಲ್ಲೊಂದು ಕಡೆ ಎಲ್ಲರೂ ಎಡವುತ್ತಾರೆ. ಉಲ್ಲೇಖದ ಜೊತೆ ಬರೀ 21 ಅಂತ ಕೊಟ್ಟರೆ ಬಿಬ್‌ಲೇಟೆಕ್ ಅದನ್ನು ಪುಟ ಅಂತಲೇ ತಿಳಿದು ಹಿಂದೆ 'ಪು.' ಸೇರಿಸುತ್ತದೆ. ನಿಮಗೆ ಬಂದ 'ಪು. 21' ಅಲ್ಲಿಂದಲೇ ಬಂದದ್ದು. 'ಮೊಳಕಾಲ್ಮೂರು 21' ಅಂತ ಅಕ್ಷರ ಸಮೇತ ಕೊಟ್ಟರೆ ಸೇರಿಸುವುದಿಲ್ಲ. ಇನ್ನೂ ಗಟ್ಟಿ ದಾರಿ ಅಂದರೆ ಆ ಸಂಪುಟದ ನಮೂದಿನಲ್ಲಿ ಪ್ಯಾಜಿನೇಷನ್ (pagination) ಫೀಲ್ಡಿಗೆ 'none' ಅಂತ ಕೊಟ್ಟುಬಿಡುವುದು. ಶಾಸನ ಸಂಪುಟ ಎಷ್ಟಿವೆಯೋ ಅಷ್ಟಕ್ಕೂ ಹೀಗೆ ಮಾಡಿ. ಆಮೇಲೆ ಚಿಂತೆ ಇಲ್ಲ.

ಪರಿಷ್ಕೃತ ಸಂಪುಟಗಳನ್ನೂ ಬಳಸುತ್ತಿದ್ದರೆ ಹುಷಾರು. ಮೈಸೂರು ವಿಶ್ವವಿದ್ಯಾನಿಲಯದವರು 1972ರಿಂದ ಹೊರತಂದ ಪರಿಷ್ಕೃತ ಮಾಲೆಯಲ್ಲಿ ಸಂಪುಟ ಸಂಖ್ಯೆಯ ಲೆಕ್ಕವೇ ಬೇರೆ. ಹಳೆಯ 5ನೇ ಸಂಪುಟ ಹಾಸನ ಜಿಲ್ಲೆಯದು, ಪರಿಷ್ಕೃತ 5ನೇ ಸಂಪುಟ ಮೈಸೂರು ಜಿಲ್ಲೆಯದು. ಸುಮ್ನೆ 'ಎ.ಕ. 5' ಅಂತ ಬರೆದರೆ ಓದುಗ ಯಾವ ಕಪಾಟಿನ ಮುಂದೆ ಹೋಗಿ ನಿಲ್ಲಬೇಕು? ನಾನು ಹಳೆಯದಕ್ಕೆ 'ಎ.ಕ.', ಹೊಸದಕ್ಕೆ 'ಎ.ಕ. (ಪ)' ಅಂತ ಎರಡು ಬೇರೆ ಶಾರ್ಟ್‌ಹ್ಯಾಂಡ್ ಇಟ್ಟುಕೊಂಡೆ.

ದಾವಣಗೆರೆ ಜಿಲ್ಲೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಈ ಜಿಲ್ಲೆ ಆದದ್ದು 1997ರಲ್ಲಿ. ರೈಸ್ ಕಾಲದಲ್ಲಿ ದಾವಣಗೆರೆ, ಜಗಳೂರು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳು, ಆದ್ದರಿಂದ 11ನೇ ಸಂಪುಟದಲ್ಲಿವೆ. ಹರಿಹರದ ಶಾಸನಗಳನ್ನು ಅದೇ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಕೆಳಗೆ ಹುಡುಕಬೇಕು. ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗಕ್ಕೆ ಸೇರಿದ್ದವು, ಅವು 7ನೇ ಸಂಪುಟದಲ್ಲಿವೆ. ಹರಪನಹಳ್ಳಿ (ಕೆಲವು ವರ್ಷ ದಾವಣಗೆರೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆ) ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಅದಕ್ಕೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೇ ಸಂಪುಟ ನೋಡಬೇಕು. ಉಲ್ಲೇಖದಲ್ಲಿ ಇರಬೇಕಾದದ್ದು ಆ ಸಂಪುಟ ಹೇಳುವ ತಾಲ್ಲೂಕು, ಇವತ್ತಿನ ತಾಲ್ಲೂಕಲ್ಲ. ಇವತ್ತಿನ ಊರು, ತಾಲ್ಲೂಕು, ಜಿಲ್ಲೆ ನಿಮ್ಮ ವಾಕ್ಯದಲ್ಲಿ ಬರಲಿ. ಎರಡನ್ನೂ ಬೆರೆಸಿ 'ಎ.ಕ. 11, ಹರಿಹರ' ಅಂತ ಬರೆದರೆ ಆ ಕಲ್ಲು ಯಾರಿಗೂ ಸಿಗುವುದಿಲ್ಲ.

ಇನ್ನು ವರ್ಷದ ಗೊಂದಲ. ಇದರಲ್ಲಿ ನನಗೆ ನಿಜವಾಗಿಯೂ ಪೆಟ್ಟು ಬಿತ್ತು.

ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆಸಿದ್ದು 1947ರಲ್ಲಿ. ವರದಿ ಬಂದದ್ದು ಏನ್ಷಿಯಂಟ್ ಇಂಡಿಯಾ ಪತ್ರಿಕೆಯ 4ನೇ ಸಂಚಿಕೆಯಲ್ಲಿ, ಪುಟ 180ರಿಂದ 310. ಆ ಸಂಚಿಕೆಯ ಮೇಲಿರುವುದು ಜುಲೈ 1947–ಜನವರಿ 1948 ಅಂತ. ವರದಿಯ ಶೀರ್ಷಿಕೆಯಲ್ಲೇ 1947 ಅನ್ನುವ ಸಂಖ್ಯೆಯೂ ಇದೆ. ಹೀಗಾಗಿ ಒಬ್ಬೊಬ್ಬರು 1947 ಅಂತ, ಇನ್ನೊಬ್ಬರು 1948 ಅಂತ, ಮತ್ತೊಬ್ಬರು 1947-48 ಅಂತ ಬರೆಯುತ್ತಾರೆ. ನಾನು ಎರಡನೇ ಅಧ್ಯಾಯ ಬರೆಯುವಾಗ ಒಂದು ನಮೂದು ಮಾಡಿದ್ದೆ, ವರ್ಷ 1947. ಎಂಟು ತಿಂಗಳ ನಂತರ ಐದನೇ ಅಧ್ಯಾಯಕ್ಕೆ ಬಂದಾಗ ಅದು ಮರೆತೇಹೋಗಿತ್ತು. ಬೇರೆ ಯಾರದೋ ಪುಸ್ತಕದ ಗ್ರಂಥಸೂಚಿ ನೋಡಿಕೊಂಡು ಇನ್ನೊಂದು ನಮೂದು ಮಾಡಿದೆ, ವರ್ಷ 1948. ಸಾಫ್ಟ್‌ವೇರ್ ಎರಡನ್ನೂ ಒಪ್ಪಿಕೊಂಡು ಅಚ್ಚುಕಟ್ಟಾಗಿ ಮುದ್ರಿಸಿತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು, 'ವೀಲರ್ ಬ್ರಹ್ಮಗಿರಿ ಬಗ್ಗೆ ಎರಡು ವರದಿ ಬರೆದಿದ್ದಾರಾ? ನಾನು ಒಂದನ್ನೇ ನೋಡಿದ್ದೇನೆ' ಅಂತ ಮೆತ್ತಗೆ ಕೇಳಿದರು. ಆ ವರದಿಯನ್ನು ನಾನು ಪುಟ ಪುಟ ಓದಿದ್ದೆ. ಆದರೂ ಆ ಕ್ಷಣ ಓದಿಯೇ ಇಲ್ಲದವರ ಹಾಗೆ ಕಂಡೆ.

ಅವತ್ತಿನಿಂದ ನನ್ನ ನಿಯಮ ಒಂದೇ. ಡೇಟ್ ಫೀಲ್ಡಿನಲ್ಲಿ ಅಚ್ಚಾದ ವರ್ಷ ಮಾತ್ರ. ಸಂಚಿಕೆ ಯಾವ ಅವಧಿಯದು ಅನ್ನುವುದನ್ನು ನೋಟ್ ಫೀಲ್ಡಿಗೆ ಹಾಕುತ್ತೇನೆ. ಅಗೆದ ವರ್ಷವನ್ನು ವಾಕ್ಯದಲ್ಲಿ ಹೇಳುತ್ತೇನೆ. ಎಂ. ಎಚ್. ಕೃಷ್ಣ ಅವರ ಚಂದ್ರವಳ್ಳಿ ವರದಿಗೂ ಹೀಗೇ ಮಾಡಿ: ಅದು ಮೈಸೂರು ಪುರಾತತ್ವ ಇಲಾಖೆಯ 1929ರ ವಾರ್ಷಿಕ ವರದಿಗೆ ಪುರವಣಿ, ಅಚ್ಚಾದದ್ದು 1931ರಲ್ಲಿ. ಇಲಾಖೆಯ ವಾರ್ಷಿಕ ವರದಿಗಳಲ್ಲಿ ವರದಿಯ ವರ್ಷ ಒಂದು, ಅಚ್ಚಿನ ವರ್ಷ ಇನ್ನೊಂದು ಇರುವುದು ಮಾಮೂಲಿ. ಬೇಕಾದರೆ ಎರಡು ವರ್ಷ ಸೇರಿಸಿ ನಡುವೆ ಓರೆಗೆರೆ ಹಾಕಿ ಡೇಟ್ ಕೊಡಬಹುದು, ಬಿಬ್‌ಲೇಟೆಕ್ 1947–1948 ಅಂತ ಸರಿಯಾಗೇ ಮುದ್ರಿಸುತ್ತದೆ. ಅದನ್ನು ಆರಿಸಿಕೊಂಡರೆ ಎಲ್ಲ ವರದಿಗೂ ಅದನ್ನೇ ಆರಿಸಿಕೊಳ್ಳಿ.

ಬ್ರಹ್ಮಗಿರಿಯ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಅಲ್ಲಿನ ಅಶೋಕನ ಶಾಸನ ಒಂದೇ ಬಂಡೆ, ಅದರ ಪ್ರಕಟಣೆ ಎಷ್ಟು! ರೈಸ್ ಅದನ್ನು ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳ ಜೊತೆ ಪತ್ತೆ ಮಾಡಿದ್ದು 1892ರಲ್ಲಿ. ಆಮೇಲೆ ವಿದ್ವಾಂಸ ಬ್ಯೂಲರ್ ಎಪಿಗ್ರಾಫಿಯ ಇಂಡಿಕ ಅನ್ನುವ ಶಾಸನ ಮಾಲೆಯ 3ನೇ ಸಂಪುಟದಲ್ಲಿ ಸಂಪಾದಿಸಿದರು, ಎ.ಕ. 11ರಲ್ಲಿ ಮತ್ತೆ ಬಂತು, 1925ರಲ್ಲಿ ಹುಲ್ಟ್ಶ್ ಅಶೋಕನ ಎಲ್ಲ ಶಾಸನಗಳನ್ನು ಒಟ್ಟಿಗೆ ತಂದಾಗ ಇನ್ನೊಮ್ಮೆ ಬಂತು. ಪಠ್ಯದಲ್ಲಿ ಪ್ರತಿ ಸಲ ನಾಲ್ಕನ್ನೂ ಉಲ್ಲೇಖಿಸಿದರೆ ವಾಕ್ಯ ಓದಲಾಗುವುದಿಲ್ಲ. ನನ್ನ ಸಲಹೆ, ಅನುಬಂಧದಲ್ಲಿ ಒಂದು ಕೋಷ್ಟಕ ಮಾಡಿ. ಒಂದು ಸಾಲಿಗೆ ಒಂದು ಕಲ್ಲು: ಊರು, ಈಗ ಅದು ಎಲ್ಲಿದೆ, ಎಲ್ಲೆಲ್ಲಿ ಪ್ರಕಟವಾಗಿದೆ. ಕೋಷ್ಟಕದೊಳಗೂ ಉಲ್ಲೇಖದ ಕಮಾಂಡೇ ಬಳಸಿ, ಆಗ ಎಲ್ಲವೂ ಗ್ರಂಥಸೂಚಿಗೆ ಸೇರಿಕೊಳ್ಳುತ್ತವೆ. ಪಠ್ಯದಲ್ಲಿ ನೀವು ನಿಜವಾಗಿ ಬಳಸಿದ ಪಾಠವನ್ನಷ್ಟೇ ಹೇಳಿ. ನನ್ನ ಪ್ರಬಂಧದಲ್ಲಿ ಜನ ಈಗಲೂ ಕೇಳಿ ತೆಗೆದುಕೊಂಡು ಹೋಗುವುದು ಆ ಕೋಷ್ಟಕವನ್ನೇ.

ಹೆಸರುಗಳ ವಿಚಾರ. ಆರ್ಕಿಯಲಾಜಿಕಲ್ ಸರ್ವೆ ಆಫ್ ಇಂಡಿಯಾ ಅಂತ ಲೇಖಕರ ಜಾಗದಲ್ಲಿ ಹಾಗೇ ಬರೆದರೆ ಅದು ಒಬ್ಬ ಮನುಷ್ಯನ ಹೆಸರು ಅಂತ ತಿಳಿದು, ಕೊನೆಯ ಪದವನ್ನು ಮನೆತನದ ಹೆಸರು ಮಾಡಿ, 'ಇಂಡಿಯಾ, ಆರ್ಕಿಯಲಾಜಿಕಲ್ ಸರ್ವೆ ಆಫ್' ಅಂತ ತಿರುಗಿಸಿಡುತ್ತದೆ. ಸಂಸ್ಥೆಯ ಹೆಸರಿಗೆ ಎರಡು ಜೊತೆ ಕರ್ಲಿ ಬ್ರಾಕೆಟ್ ಹಾಕಿ, ಮುಟ್ಟುವುದಿಲ್ಲ. ನಮ್ಮ ಕನ್ನಡದ ಹೆಸರುಗಳಲ್ಲಿ ಇನಿಶಿಯಲ್ ಮುಂದಿದ್ದರೆ ತೊಂದರೆ ಇಲ್ಲ, 'ಎಂ. ಎಚ್. ಕೃಷ್ಣ' ಸರಿಯಾಗಿ 'ಕೃಷ್ಣ, ಎಂ. ಎಚ್.' ಆಗುತ್ತದೆ. ಆದರೆ ನಮ್ಮಲ್ಲಿ ಜಾಸ್ತಿ ಜನ 'ಮಂಜುನಾಥ ಕೆ.' ಅಂತ ಇನಿಶಿಯಲ್ ಕೊನೆಗೆ ಬರೆಯುತ್ತಾರೆ. ಅದನ್ನು ಹಾಗೇ ಕೊಟ್ಟರೆ 'ಕೆ.' ಅನ್ನುವುದೇ ಮನೆತನದ ಹೆಸರಾಗಿ ಪಟ್ಟಿಯಲ್ಲಿ 'ಕ'ಕಾರದ ಕೆಳಗೆ ಹೋಗಿ ಕೂರುತ್ತದೆ. 'ಮಂಜುನಾಥ, ಕೆ.' ಅಂತ ನಡುವೆ ಅಲ್ಪವಿರಾಮ ಹಾಕಿದರೆ ಮುಗಿಯಿತು.

ಶೀರ್ಷಿಕೆಗಳಲ್ಲಿ ಹಳೆಯ ಕಾಗುಣಿತ ತಿದ್ದಬೇಡಿ. ರೈಸ್ ಚಿತ್ರದುರ್ಗವನ್ನು 'ಚಿತಲ್‌ದ್ರೂಗ್' ಅಂತ ಅಚ್ಚು ಹಾಕಿದ್ದರೆ ನಮೂದಿನಲ್ಲೂ ಅದೇ ಇರಲಿ. ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಹುಡುಕುವವರಿಗೆ ಅದೇ ಬೇಕು.

ಕನ್ನಡ ಪುಸ್ತಕಗಳು ಚೌಕ ಚೌಕವಾಗಿ ಬರುತ್ತಿವೆ ಅಂದಿದ್ದೀರಿ. ಜೀಲೇಟೆಕ್‌ನಲ್ಲಿ (XeLaTeX, ಯೂನಿಕೋಡ್ ಫಾಂಟ್ ನೇರವಾಗಿ ಬಳಸುವ ಲೇಟೆಕ್) ಓಡಿಸಿ, ನೋಟೊ ಸೆರಿಫ್ ಕನ್ನಡದಂಥ ಯೂನಿಕೋಡ್ ಫಾಂಟ್ ಕೊಟ್ಟು, ಸ್ಕ್ರಿಪ್ಟ್ ಕನ್ನಡ ಅಂತ ಹೇಳಿ. ಆದರೂ ಅಕ್ಷರ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಂತೆ ಕಂಡರೆ ಕಾರಣ ಬೇರೆ. ನಮ್ಮೂರುಗಳ ಡಿಟಿಪಿ ಸೆಂಟರ್‌ಗಳಲ್ಲಿ ಟೈಪ್ ಆದ ಹಳೆಯ ಫೈಲುಗಳು ಬಹುತೇಕ ನುಡಿಯ ಹಳೆಯ ಫಾಂಟಿನಲ್ಲಿರುತ್ತವೆ. ಅದು ಯೂನಿಕೋಡ್ ಅಲ್ಲ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಒತ್ತು, ಅರ್ಕಾವತ್ತು ಇರುವ ಪದಗಳನ್ನೆಲ್ಲ ಕಣ್ಣಿಟ್ಟು ನೋಡಿ. ಪರಿವರ್ತನೆಯಲ್ಲಿ ಹೆಚ್ಚು ಕೆಡುವುದು ಅಲ್ಲೇ. ಅಕಾರಾದಿ ಜೋಡಣೆಗೆ ಸಾರ್ಟ್‌ಲೊಕೇಲ್ (sortlocale) ಆಯ್ಕೆಯಲ್ಲಿ ಕನ್ನಡದ ಕೋಡ್ ಕೊಟ್ಟರೆ ಬೈಬರ್ ಸರಿಯಾಗಿ ಜೋಡಿಸುತ್ತದೆ. 'ಪು.', 'ಸಂ.', 'ಅದೇ' ಈ ಪದಗಳನ್ನು ನಾನೇ ಒಂದು ಸಲ ಬರೆದುಕೊಟ್ಟೆ, ಡಿಫೈನ್ ಬಿಬ್ಲಿಯಾಗ್ರಫಿ ಸ್ಟ್ರಿಂಗ್ಸ್ ಅನ್ನುವ ಕಮಾಂಡ್ ಇದೆ.

ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ. ಪ್ರತಿ ನಮೂದಿಗೆ ಕೀವರ್ಡ್ ಕೊಡಿ: ಶಾಸನ, ವರದಿ, ಕನ್ನಡ, ಇಂಗ್ಲಿಷ್. ಕೀವರ್ಡ್ ಪ್ರಕಾರ ಬೇರೆ ಬೇರೆ ಪಟ್ಟಿ ಮುದ್ರಿಸಬಹುದು. ಆಕರ ಗ್ರಂಥಗಳು ಒಂದು ಕಡೆ, ಪರಾಮರ್ಶನ ಗ್ರಂಥಗಳು ಇನ್ನೊಂದು ಕಡೆ ಅನ್ನುವ ನಮ್ಮ ಪದ್ಧತಿಗೆ ಇದು ಸರಿಹೊಂದುತ್ತದೆ.

ಶೈಲಿ ಯಾವುದು ಅಂತ ಕೇಳಿದ್ದಿರಿ. ಪುರಾತತ್ವಕ್ಕೇ ಅಂತ ಬಿಬ್‌ಲೇಟೆಕ್-ಆರ್ಕಿಯಾಲಜಿ ಅನ್ನುವ ಪ್ಯಾಕೇಜ್ ಇದೆ, ಆದರೆ ಅದು ಜರ್ಮನಿಯ ಸಂಸ್ಥೆಗಳ ನಿಯಮಕ್ಕೆ ಮಾಡಿದ್ದು. ನಮಗೆ ಸಾದಾ ಲೇಖಕ-ವರ್ಷ ಶೈಲಿ ಸಾಕು. ಒಂದು ಮಾತು ಮಾತ್ರ ನೆನಪಿಡಿ, ಎಲ್ಲ ಕಡೆ ಆಟೊಸೈಟ್ (autocite) ಕಮಾಂಡನ್ನೇ ಬಳಸಿ. ನಾಳೆ ಗೈಡ್ ಅಡಿಟಿಪ್ಪಣಿಯಲ್ಲಿ ಬೇಕು ಅಂದರೆ ಮೇಲೆ ಒಂದು ಸಾಲು ಬದಲಿಸಿದರೆ ಸಾಕು, ಇಡೀ ಪ್ರಬಂಧ ಬದಲಾಗುತ್ತದೆ. ನನ್ನ ಗೈಡ್ ಎರಡು ಸಲ ಮನಸ್ಸು ಬದಲಿಸಿದರು, ನನಗೆ ಎರಡು ಸಲವೂ ಹತ್ತು ನಿಮಿಷ ಹಿಡಿಯಿತು.

ನಮೂದುಗಳನ್ನು ಜೊಟೆರೊ (Zotero) ಅನ್ನುವ ಆಕರ ಸಂಗ್ರಹದ ಸಾಫ್ಟ್‌ವೇರ್‌ನಲ್ಲಿ ಇಟ್ಟುಕೊಂಡರೆ ಒಳ್ಳೆಯದು, ಅದಕ್ಕೆ ಬೆಟರ್ ಬಿಬ್‌ಟೆಕ್ ಅನ್ನುವ ಪ್ಲಗಿನ್ ಸೇರಿಸಿಕೊಂಡರೆ ನಮೂದುಗಳಿರುವ ಬಿಬ್ ಫೈಲು ತಾನೇ ಹೊಸದಾಗುತ್ತಿರುತ್ತದೆ. ನೀವೇ ತೆಗೆದ ಫೋಟೊ, ಕ್ಷೇತ್ರಕಾರ್ಯದ ಟಿಪ್ಪಣಿ ಗ್ರಂಥಸೂಚಿಗೆ ಬೇಡ. ಅವು ಚಿತ್ರದ ಕೆಳಗೆ ದಿನಾಂಕದ ಸಮೇತ ಇರಲಿ.

ಇವತ್ತು ಸಂಜೆ ಇಷ್ಟು ಮಾಡಿ. ಹೊಸ ಖಾಲಿ ಫೈಲು ತೆಗೆದು ಐದೇ ನಮೂದು ಹಾಕಿ: ಎ.ಕ. 11, ಎ.ಕ. 7, ವೀಲರ್, ಕೃಷ್ಣ, ಒಂದು ಕನ್ನಡ ಪುಸ್ತಕ. ಜೀಲೇಟೆಕ್ ಒಮ್ಮೆ, ಬೈಬರ್ ಒಮ್ಮೆ, ಮತ್ತೆ ಜೀಲೇಟೆಕ್ ಎರಡು ಸಲ ಓಡಿಸಿ. ಏನಾದರೂ ತಪ್ಪು ಬಂದರೆ ಬೈಬರ್‌ನ ಲಾಗ್ ಫೈಲಿನಲ್ಲಿರುವ ಎಚ್ಚರಿಕೆಯ ಸಾಲನ್ನು ಹಾಗೇ ಇಲ್ಲಿ ಹಾಕಿ. ರಾತ್ರಿ ಊಟ ಆದ ಮೇಲೆ ನೋಡಿ ಹೇಳುತ್ತೇನೆ.