ವಿಜಯಪುರದಿಂದ ಆರ್‌ಬಿಐ ಅರ್ಥಶಾಸ್ತ್ರಜ್ಞೆ ಆಗಲು ಯಾವ ಪರೀಕ್ಷೆ?

ನಮಸ್ಕಾರ ಅಕ್ಕಾರ. ವಿಜಯಪುರದಲ್ಲಿ ಬಿ.ಎ. ಅರ್ಥಶಾಸ್ತ್ರ ಓದುತ್ತಿರುವ ಮಗಳು ಪೂನಮ್ ಗುಪ್ತಾ ಅವರಂತೆ ರಿಸರ್ವ್ ಬ್ಯಾಂಕಿನ (ಆರ್‌ಬಿಐ) ಡೆಪ್ಯುಟಿ ಗವರ್ನರ್ ಆಗಲು ಯಾವ ಪರೀಕ್ಷೆ ಬರೀಬೇಕು ಅಂತ ಕೇಳಿದ್ದೀರಿ. ಆ ಹುದ್ದೆಗೆ ಪರೀಕ್ಷೆ ಇಲ್ಲ, ಕೇಂದ್ರ ಸರ್ಕಾರ ನೇಮಿಸುತ್ತದೆ. ಗುಪ್ತಾ ಅವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ವಿಶ್ವಬ್ಯಾಂಕ್‌ಗಳಲ್ಲಿ ದುಡಿದು, 2025ರ ಮೇ ತಿಂಗಳಲ್ಲಿ ಹೊರಗಿನಿಂದ ಬಂದವರು. 2003ರಲ್ಲಿ ಮೊದಲ ಮಹಿಳಾ ಡೆಪ್ಯುಟಿ ಗವರ್ನರ್ ಆದ ಕೆ.ಜೆ. ಉದೇಶಿ, ಆಮೇಲೆ ಬಂದ ಉಷಾ ಥೋರಟ್ ಬ್ಯಾಂಕಿನೊಳಗೇ ಮೇಲೇರಿದವರು.

ಮಗಳಿಗೆ ಹತ್ತಿರದ ಬಾಗಿಲು ಗ್ರೇಡ್ ಬಿ ಅಧಿಕಾರಿ ಪರೀಕ್ಷೆ, ಅದರಲ್ಲೂ ಡಿಇಪಿಆರ್‌ನದು, ಅಂದರೆ ಆರ್‌ಬಿಐನ ಆರ್ಥಿಕ ಸಂಶೋಧನಾ ವಿಭಾಗದ್ದು. ಬರೀ ಬಿ.ಎ. ಸಾಲದು. ಅರ್ಥಶಾಸ್ತ್ರದ ಎಂ.ಎ.ಯಲ್ಲಿ ಶೇ. 55 ಬೇಕು (ಪರಿಶಿಷ್ಟರಿಗೆ 50), ಸಾಮಾನ್ಯ ವಯೋಮಿತಿ 21ರಿಂದ 30. ಎಂ.ಎ.ಗೆ ಧಾರವಾಡ, ಬೆಳಗಾವಿ ದೂರವೇನಲ್ಲ.

ನಮ್ಮ ಭಾಗದ ಮಕ್ಕಳು ಎಡವುವುದು ಎರಡು ಕಡೆ. ಒಂದು ಗಣಿತ: ವ್ಯಾಖ್ಯೆ ಬಾಯಿಪಾಠ ಇರುತ್ತದೆ, ಆದರೆ ಐಎಸ್-ಎಲ್ಎಂ ರೇಖೆ (ಬಡ್ಡಿದರ, ದೇಶದ ಆದಾಯದ ನಂಟು ತೋರಿಸುವ ನಕ್ಷೆ) ಯಾಕೆ ಪಕ್ಕಕ್ಕೆ ಸರಿಯಿತು ಅಂದರೆ ಕೈ ನಿಲ್ಲುತ್ತದೆ. ಈಗಲೇ ಡೆರಿವೇಟಿವ್, ಮ್ಯಾಟ್ರಿಕ್ಸ್, ರಿಗ್ರೆಷನ್ ಶುರು ಮಾಡಿಸಿ. ಇನ್ನೊಂದು ಇಂಗ್ಲಿಷ್ ಪ್ರಬಂಧ ಪತ್ರಿಕೆ, ಅದನ್ನು ಕೀಬೋರ್ಡಿನಲ್ಲೇ ಟೈಪ್ ಮಾಡಬೇಕು. ಕನ್ನಡ ಮಾಧ್ಯಮದವರಿಗೆ ಇದೇ ದೊಡ್ಡ ತೊಡಕು, ಜಾಣತನದ ಕೊರತೆ ಖಂಡಿತ ಅಲ್ಲ.

ಇದಕ್ಕೆ ಒಂದು ಅಭ್ಯಾಸ ಹೇಳ್ತೀನಿ. ಬಡ್ಡಿದರ ನಿರ್ಧರಿಸುವ ಹಣಕಾಸು ನೀತಿ ಸಮಿತಿ ಸಭೆ ಮುಗಿದ 14ನೇ ದಿನಕ್ಕೆ ನಡಾವಳಿ ಆರ್‌ಬಿಐ ಜಾಲತಾಣಕ್ಕೆ ಬರುತ್ತದೆ. ಅದರಲ್ಲಿ ಆರೂ ಸದಸ್ಯರ ಹೇಳಿಕೆ ಬೇರೆಬೇರೆಯಾಗಿರುತ್ತವೆ. ಒಂದನ್ನು ಓದಿ, ರೆಪೊ ದರದ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಬಗ್ಗೆ ಆ ಸದಸ್ಯರ ವಾದವೇನು ಅಂತ 200 ಪದದಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಲಿ. ಪಠ್ಯ, ಭಾಷೆ ಎರಡೂ ಒಟ್ಟಿಗೇ ಪಳಗುತ್ತವೆ. ನೇಮಕಾತಿ ಅಧಿಸೂಚನೆಯ ನಿಯಮ ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ವರ್ಷದ್ದನ್ನೇ ನೋಡ್ರಿ.