ಕರೆಂಟ್ ಹೋದರೆ ಕಾರ್ಡ್ ಬಾಗಿಲು ಏನಾಗುತ್ತದೆ?

ಕೀಲಿ ಬಿಟ್ಟು ಕಾರ್ಡ್‌ಗೆ ಹೋದರೆ, ಕರೆಂಟ್ ಇಲ್ಲದಾಗ ಬಾಗಿಲು ತೆರೆದುಕೊಳ್ಳುತ್ತದಾ ಅಂತ ಕೇಳಿದ್ದೀರಿ. ಅದು ಬೀಗದ ಮೇಲಿದೆ. ಮ್ಯಾಗ್ನೆಟಿಕ್ ಲಾಕ್ ಹಿಡಿದಿರೋದೇ ಕರೆಂಟಿನಿಂದ. ಹೋದ ತಕ್ಷಣ ಬಾಗಿಲು ಸಡಿಲ. ಹಾಗಾಗಿ ಬ್ಯಾಟರಿ ಬ್ಯಾಕಪ್ ಬೇಕೇ ಬೇಕು. ಎಲೆಕ್ಟ್ರಿಕ್ ಸ್ಟ್ರೈಕ್‌ನಲ್ಲಿ (ಬಾಗಿಲ ಚೌಕಟ್ಟಿನಲ್ಲಿ ಕೂತು ಬೀಗದ ನಾಲಿಗೆಯನ್ನು ಹಿಡಿಯುವ-ಬಿಡುವ ವಿದ್ಯುತ್ ಭಾಗ) ಎರಡೂ ಬಗೆ ಸಿಗುತ್ತವೆ: ಕರೆಂಟ್ ಹೋದರೆ ಬಿಡುವುದು, ಬಿಡದೇ ಇರುವುದು. ಸರ್ವರ್ ಕೋಣೆಗೆ ಬಿಡದ್ದು ಸರಿ. ಆದರೆ ಒಳಗಿರುವವರು ಯಾವಾಗ ಬೇಕಾದರೂ ಹಿಡಿ ತಿರುಗಿಸಿ ಹೊರಬರುವಂತಿರಬೇಕು, ಬೆಂಕಿ ಹೇಳಿಕೇಳಿ ಬರಲ್ಲ ಅಲ್ವಾ.

ನೀವು ಕೇಳದಿದ್ದರೂ ಹೇಳುತ್ತೇನೆ: ಅಗ್ಗ ಅಂತ ಸುಮ್ನೆ 125 ಕಿಲೋಹರ್ಟ್ಸ್ ರೇಡಿಯೋ ತರಂಗದಲ್ಲಿ ಕೆಲಸ ಮಾಡುವ ಕಾರ್ಡ್ ತಗೋಬೇಡಿ. ಅವುಗಳಲ್ಲಿ ಹೆಚ್ಚಿನವು ಯಾವ ರೀಡರ್ ಕೇಳಿದರೂ ತಮ್ಮ ನಂಬರ್ ಒಪ್ಪಿಸಿಬಿಡುತ್ತವೆ. ನಕಲು ಮಾಡೋದು ಕೀಲಿಗಿಂತ ಸುಲಭ. 13.56 ಮೆಗಾಹರ್ಟ್ಸ್‌ನಲ್ಲಿ ಎಇಎಸ್ ಎನ್‌ಕ್ರಿಪ್ಶನ್ (ಮಾಹಿತಿಯನ್ನು ಗುಪ್ತಲಿಪಿಗೆ ಬದಲಿಸುವ ಒಂದು ಭದ್ರ ವಿಧಾನ) ಇರುವುದನ್ನೇ ಕೇಳಿ. ಕಾರ್ಡ್ ವ್ಯವಸ್ಥೆ ಕೈಕೊಟ್ಟರೆ ಒಳಹೋಗಲು ಒಂದು ಬಾಗಿಲಿಗಾದರೂ ಹಳೇ ಕೀಲಿ ಉಳಿಸಿಕೊಳ್ಳಿ.